ಕ್ಷೀರಪಥಕ್ಕೆ ಹೆಪ್ಪು ಹಾಕಿದವರು ಯಾರು?

(ಕಳೆದ ತಿಂಗಳು ಒಂದು ಕಾಲೇಜಿನ ವಿಜ್ಞಾನ ಸಂಘದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಬಿಟ್ಟಿದ್ದೇನೆ. ಸಭಿಕರು ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ಜಾಗಕ್ಕೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲಿನಲ್ಲಿ ನಾವೆಲ್ಲ ಮಾಡಿದ ಒಂದು ಪ್ರಯೋಗದಿಂದ ಶುರು ಮಾಡುತ್ತೇನೆ. ಹಾಳೆಯ ಕೆಳಗೆ ಅಯಸ್ಕಾಂತ, ಮೇಲೆ ಕಬ್ಬಿಣದ ಪುಡಿ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪುಡಿ ಸಾಲುಗಟ್ಟಿ ನಿಲ್ಲುತ್ತಿತ್ತು. ಪುಡಿಯನ್ನು ಅಲ್ಲಿಗೆ ತಂದು ಸುರಿದದ್ದು ನಮ್ಮ ಕೈ. ಅದು ಹೇಗೆ ನಿಲ್ಲಬೇಕು ಎಂದು ತೀರ್ಮಾನಿಸಿದ್ದು ಕಾಂತಕ್ಷೇತ್ರ. ಇವತ್ತಿನ ಮಾತಿನುದ್ದಕ್ಕೂ ಕೈಯ ಜಾಗದಲ್ಲಿ ಗುರುತ್ವವನ್ನೂ ಪುಡಿಯ ಜಾಗದಲ್ಲಿ ವಿಶ್ವದ ಅನಿಲವನ್ನೂ ಇಟ್ಟುಕೊಂಡು ಕೇಳಿ.

ವಿಶ್ವದ ರಚನೆಗಳು ಬೆಳೆದ ಕತೆಯನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತೇವೆ. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸು. ಹುಟ್ಟಿ 3.8 ಲಕ್ಷ ವರ್ಷವಾದಾಗ ಎಲ್ಲೆಡೆ ಬಹುತೇಕ ಒಂದೇ ಸಮನಾದ ಅನಿಲ ಹರಡಿತ್ತು. ಅಲ್ಲಿ ಇಲ್ಲಿ ಲಕ್ಷಕ್ಕೆ ಒಂದು ಪಾಲಿನಷ್ಟು ಏರುಪೇರು. ದಟ್ಟವಾಗಿದ್ದ ಕಡೆ ಗುರುತ್ವ ಸ್ವಲ್ಪ ಹೆಚ್ಚು, ಅದಕ್ಕೇ ಇನ್ನಷ್ಟು ದ್ರವ್ಯ ಅತ್ತ ಸರಿಯಿತು. ಉಳ್ಳವನಿಗೇ ಮತ್ತಷ್ಟು ಸೇರುವ ಲೆಕ್ಕ. ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ತಿಳಿಯುವ ಕಪ್ಪುದ್ರವ್ಯ ಮೊದಲು ಗುಡ್ಡೆಯಾಯಿತು, ಅನಿಲ ಅದರೊಳಕ್ಕೆ ಇಳಿಯಿತು, ನಕ್ಷತ್ರಗಳು ಹೊತ್ತಿಕೊಂಡವು, ಗ್ಯಾಲಕ್ಸಿಗಳಾದವು. ಗ್ಯಾಲಕ್ಸಿಗಳು ಸೇರಿ ಗುಚ್ಛಗಳಾದವು. ಗುಚ್ಛಗಳ ನಡುವೆ ಎಳೆಎಳೆಯಾಗಿ ತಂತುಗಳು, ತಂತುಗಳ ನಡುವೆ ದೊಡ್ಡ ದೊಡ್ಡ ಬಯಲುಗಳು.

ಈ ಕತೆಯಲ್ಲಿ ತಪ್ಪಿಲ್ಲ. ನಾನೂ ಬಹಳ ವರ್ಷ ತರಗತಿಯಲ್ಲಿ ಇಷ್ಟನ್ನೇ ಹೇಳಿ ಮುಗಿಸುತ್ತಿದ್ದೆ. ಆದರೆ ಅನಿಲ ಯಾವಾಗ ಕುಸಿಯಿತು, ಎಷ್ಟು ನಿಧಾನವಾಗಿ ಕುಸಿಯಿತು, ಕುಸಿದು ಯಾವ ಆಕಾರಕ್ಕೆ ಬಂತು ಎಂದು ಕೇಳಿದರೆ ಗುರುತ್ವ ಒಂದೇ ಉತ್ತರ ಕೊಡಲಾರದು. ಅಲ್ಲಿ ಕಾಂತಕ್ಷೇತ್ರದ ಮಾತು ಬರುತ್ತದೆ. ಅದನ್ನು ಲೆಕ್ಕದಿಂದ ಬಿಟ್ಟರೆ ತಾರೀಕುಗಳೂ ತಪ್ಪುತ್ತವೆ, ಆಕಾರಗಳೂ ತಪ್ಪುತ್ತವೆ ಎಂಬುದು ನನ್ನ ನಂಬಿಕೆ.

ಮೊದಲು, ಅಷ್ಟು ದೂರದ ಕಾಂತಕ್ಷೇತ್ರ ನಮಗೆ ತಿಳಿಯುವುದು ಹೇಗೆ? ಅಲ್ಲಿಗೆ ಯಾರೂ ದಿಕ್ಸೂಚಿ ಹಿಡಿದು ಹೋಗಿಲ್ಲ. 1845ರಲ್ಲಿ ಮೈಕೇಲ್ ಫ್ಯಾರಡೆ ಭಾರವಾದ ಸೀಸದ ಗಾಜಿನ ತುಂಡೊಂದನ್ನು ಕಾಂತಕ್ಷೇತ್ರದಲ್ಲಿಟ್ಟು, ಅದರ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿದರು. ಬಾವಿಯ ಹಗ್ಗದ ಒಂದು ತುದಿಯನ್ನು ಕಟ್ಟಿ ಇನ್ನೊಂದನ್ನು ಮೇಲೆ ಕೆಳಗೆ ಒದರಿದರೆ ಅಲೆ ಒಂದೇ ಸಮತಲದಲ್ಲಿ ಸಾಗುತ್ತದಲ್ಲ, ಧ್ರುವೀಕೃತ ಬೆಳಕು ಹಾಗೆ. ಗಾಜಿನಿಂದ ಹೊರಬಂದಾಗ ಆ ಸಮತಲ ಕೊಂಚ ತಿರುಗಿತ್ತು. ಗ್ಯಾಲಕ್ಸಿಗಳ ನಡುವಿನ ಅನಿಲದಲ್ಲೂ ಇದೇ ನಡೆಯುತ್ತದೆ. ಎಲ್ಲೋ ದೂರದ ರೇಡಿಯೋ ಗ್ಯಾಲಕ್ಸಿಯಿಂದ ಹೊರಟ ಅಲೆ ದಾರಿಯಲ್ಲಿ ಎಲೆಕ್ಟ್ರಾನುಗಳನ್ನೂ ಕಾಂತಕ್ಷೇತ್ರವನ್ನೂ ದಾಟುತ್ತಾ ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ತರಂಗಾಂತರ ಎರಡು ಪಟ್ಟಾದರೆ ತಿರುವು ನಾಲ್ಕು ಪಟ್ಟು. ಆದ್ದರಿಂದ ಬೇರೆ ಬೇರೆ ತರಂಗಾಂತರಗಳಲ್ಲಿ ಅಳೆದು ಹೋಲಿಸಿದರೆ, ಹೊರಟಾಗ ಹೇಗಿತ್ತು ಎಂದು ಗೊತ್ತಿಲ್ಲದಿದ್ದರೂ ದಾರಿಯಲ್ಲಿ ಎಷ್ಟು ತಿರುಗಿತು ಎಂದು ಹೇಳಬಹುದು. ಒಂದು ಗಾಜಿನ ತುಂಡಿನಲ್ಲಿ ಕಂಡದ್ದು ಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ಅಳತೆಗೋಲಾಯಿತು ಎಂಬುದು ನನಗೆ ಇವತ್ತಿಗೂ ಮೈ ನವಿರೇಳಿಸುವ ಸಂಗತಿ.

ನಕ್ಷತ್ರಗಳ ಬೆಳಕೂ ಸಾಕ್ಷಿ ಹೇಳುತ್ತದೆ. 1949ರಲ್ಲಿ ಹಿಲ್ಟ್ನರ್ ಮತ್ತು ಹಾಲ್ ಎಂಬ ಇಬ್ಬರು ಖಗೋಳಜ್ಞರು ದೂರದ ನಕ್ಷತ್ರಗಳ ಬೆಳಕು ಧ್ರುವೀಕೃತವಾಗಿರುವುದನ್ನು ಕಂಡರು. ನಡುವಿನ ಧೂಳಿನ ಕಣಗಳು ಕಾಂತಕ್ಷೇತ್ರದ ಪ್ರಕಾರ ಸಾಲಾಗಿ ನಿಂತು ಬೆಳಕನ್ನು ಸೋಸುತ್ತಿದ್ದವು. ನಮ್ಮ ಹಾಳೆಯ ಮೇಲಿನ ಪುಡಿಯ ಹಾಗೆ.

ಹೀಗೆ ಅಳೆದಾಗ ಸಿಕ್ಕ ಅಂಕಿಗಳು ನೋಡಲು ತೀರಾ ಸಣ್ಣವು. ನಮ್ಮ ಭೂಮಿಯ ಮೇಲ್ಮೈಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್. ಕ್ಷೀರಪಥದ್ದು ಕೆಲವೇ ಮೈಕ್ರೋಗಾಸ್, ಅಂದರೆ ಭೂಮಿಯದರ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಗ್ಯಾಲಕ್ಸಿ ಗುಚ್ಛಗಳೊಳಗಿನ ಬಿಸಿ ಅನಿಲದಲ್ಲೂ ಹೆಚ್ಚು ಕಡಿಮೆ ಅಷ್ಟೇ.

"ಇಷ್ಟು ದುರ್ಬಲವಾದದ್ದು ಗ್ಯಾಲಕ್ಸಿಯನ್ನು ಏನು ಮಾಡೀತು?" ಎಂದು ಮುಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಎದುರಾಳಿಯಲ್ಲಿದೆ. ನಕ್ಷತ್ರಗಳ ನಡುವೆ ಒಂದು ಘನ ಸೆಂಟಿಮೀಟರಿನಲ್ಲಿ ಸರಾಸರಿ ಒಂದು ಪರಮಾಣು ಇರಬಹುದು. ಅಂಥ ತೆಳು ಅನಿಲವನ್ನು ತಡೆಯಲು ಬಂಡೆಗಲ್ಲು ಬೇಕಿಲ್ಲ. ಲೆಕ್ಕ ಹಾಕಿದರೆ ಕ್ಷೀರಪಥದ ಕಾಂತಕ್ಷೇತ್ರದಲ್ಲಿರುವ ಶಕ್ತಿ, ಅನಿಲದ ಪ್ರಕ್ಷುಬ್ಧ ಚಲನೆಯಲ್ಲಿರುವ ಶಕ್ತಿ, ಅತಿವೇಗದ ಕಣಗಳಾದ ಕಾಸ್ಮಿಕ್ ಕಿರಣಗಳ ಶಕ್ತಿ ಈ ಮೂರೂ ಹತ್ತಿರ ಹತ್ತಿರ ಸಮ: ಘನ ಸೆಂಟಿಮೀಟರಿಗೆ ಸುಮಾರು ಒಂದು ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಅನಿಲದ ಪಂಚಾಯಿತಿಯಲ್ಲಿ ಕಾಂತಕ್ಷೇತ್ರಕ್ಕೂ ಸರಿಸಮನಾದ ಮಾತಿದೆ.

ಅದು ಕೆಲಸ ಮಾಡುವ ರೀತಿ ಇದು. ವಿದ್ಯುದಾವೇಶವಿರುವ ಕಣ ಕಾಂತರೇಖೆಯ ಉದ್ದಕ್ಕೆ ಸಲೀಸಾಗಿ ಜಾರುತ್ತದೆ, ಅಡ್ಡಲಾಗಿ ದಾಟಲಾರದು. ದಾರದಲ್ಲಿ ಪೋಣಿಸಿದ ಮಣಿಯಂತೆ. 1942ರಲ್ಲಿ ಸ್ವೀಡನ್ನಿನ ಹಾನೆಸ್ ಆಲ್ವೆನ್ ಇದರ ಇನ್ನೊಂದು ಮುಖವನ್ನು ಕಂಡರು: ಮಣಿಗಳೆಲ್ಲ ಒಟ್ಟಾಗಿ ಸರಿದರೆ ದಾರವೂ ಅವುಗಳ ಜೊತೆ ಸರಿಯುತ್ತದೆ. ಅನಿಲವನ್ನು ಹಿಂಡಿದರೆ ಕಾಂತರೇಖೆಗಳೂ ಒತ್ತೊತ್ತಾಗಿ ಕ್ಷೇತ್ರ ಬಲಗೊಳ್ಳುತ್ತದೆ, ಬಲಗೊಂಡದ್ದು ತಿರುಗಿ ಒತ್ತುತ್ತದೆ.

ಈಗ ಒಂದು ಮೋಡ ಕುಸಿದು ನಕ್ಷತ್ರವಾಗುವುದನ್ನು ಊಹಿಸಿ. ಘನ ಸೆಂಟಿಮೀಟರಿಗೆ ಒಂದು ಪರಮಾಣು ಇದ್ದದ್ದು ನಕ್ಷತ್ರದ ಸಾಂದ್ರತೆಗೆ ಬರಬೇಕಾದರೆ 1ರ ಮುಂದೆ 24 ಸೊನ್ನೆ ಇಟ್ಟಷ್ಟು ಪಟ್ಟು ದಟ್ಟವಾಗಬೇಕು. ಕಾಂತರೇಖೆಗಳೆಲ್ಲ ಜೊತೆಗೇ ಬಂದಿದ್ದರೆ ಕ್ಷೇತ್ರ 1ರ ಮುಂದೆ 16 ಸೊನ್ನೆಯಷ್ಟು ಪಟ್ಟು ಏರಬೇಕಿತ್ತು. ಕೆಲವು ಮೈಕ್ರೋಗಾಸಿನಿಂದ ಹೊರಟು ಸಾವಿರಾರು ಕೋಟಿ ಗಾಸ್ ಮುಟ್ಟಬೇಕಿತ್ತು. ನಮ್ಮ ಸೂರ್ಯನ ಮೇಲ್ಮೈಯ ಸರಾಸರಿ ಕ್ಷೇತ್ರ ಒಂದೆರಡು ಗಾಸ್ ಅಷ್ಟೇ. ಹಾಗಾದರೆ ಉಳಿದ ಕಾಂತರೇಖೆಗಳು ಎಲ್ಲಿ ಹೋದವು? ದಾರಿಯಲ್ಲೇ ಜಾರಿ ಹೊರಗುಳಿದವು. ಹೇಗೆ ಎಂದು 1956ರಲ್ಲಿ ಮೆಸ್ಟೆಲ್ ಮತ್ತು ಸ್ಪಿಟ್ಜರ್ ವಿವರಿಸಿದರು.

ಜಾತ್ರೆಯ ನೂಕುನುಗ್ಗಲನ್ನು ನೆನಪಿಸಿಕೊಳ್ಳಿ. ಸಾವಿರಾರು ಜನ ತೇರಿನ ಕಡೆಗೆ ನುಗ್ಗುತ್ತಿದ್ದಾರೆ. ನಡುವೆ ಕೆಲವೇ ಸ್ವಯಂಸೇವಕರು ಹಗ್ಗ ಹಿಡಿದು ನಿಂತಿದ್ದಾರೆ. ಹಗ್ಗಕ್ಕೆ ಅಂಟಿಕೊಂಡವರು ಆ ಕೆಲವರು ಮಾತ್ರ. ಆದರೂ ಜನ ಅವರಿಗೆ ಡಿಕ್ಕಿ ಹೊಡೆಯುತ್ತಾ, ಸಂದಿಯಲ್ಲಿ ನುಸುಳುತ್ತಾ ನಿಧಾನವಾಗುತ್ತಾರೆ. ತಣ್ಣನೆಯ ಮೋಡದಲ್ಲಿ ಬಹುತೇಕ ಪರಮಾಣು, ಅಣುಗಳು ಆವೇಶರಹಿತ, ಅವಕ್ಕೆ ಕಾಂತಕ್ಷೇತ್ರದ ಹಂಗಿಲ್ಲ. ಬೆರಳೆಣಿಕೆಯ ಅಯಾನುಗಳು, ಅಂದರೆ ಆವೇಶವಿರುವ ಕಣಗಳು, ಹಗ್ಗ ಹಿಡಿದ ಸ್ವಯಂಸೇವಕರು. ಗುರುತ್ವ ಒಳಕ್ಕೆ ಎಳೆಯುತ್ತಿದ್ದರೆ ಅನಿಲ ಅಯಾನುಗಳ ನಡುವೆ ಉಜ್ಜಿಕೊಂಡು ನುಸುಳಬೇಕು. ಕುಸಿತ ನಿಲ್ಲುವುದಿಲ್ಲ, ತಡವಾಗುತ್ತದೆ. ಆ ಉಜ್ಜಾಟದಲ್ಲಿ ಅನಿಲ ಬಿಸಿಯೂ ಆಗುತ್ತದೆ. ಈ ಬಿಸಿಯ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕ್ಷೀರಪಥದಲ್ಲಿ ಈಗ ವರ್ಷಕ್ಕೆ ಹುಟ್ಟುವ ನಕ್ಷತ್ರಗಳ ಒಟ್ಟು ತೂಕ ಒಂದೆರಡು ಸೂರ್ಯರಷ್ಟು. ಮೋಡಗಳು ತಡೆಯಿಲ್ಲದೆ ಕುಸಿಯುವಂತಿದ್ದರೆ ಅದು ನೂರಾರು ಆಗಬೇಕಿತ್ತು. ಪೂರ್ತಿ ಶ್ರೇಯ ಕಾಂತಕ್ಷೇತ್ರಕ್ಕೇ ಸಲ್ಲುವುದಿಲ್ಲ. ಅನಿಲದ ಪ್ರಕ್ಷುಬ್ಧತೆಗೂ, ಹುಟ್ಟಿದ ನಕ್ಷತ್ರಗಳ ಬೆಳಕು, ಗಾಳಿ, ಸ್ಫೋಟಗಳಿಗೂ ಅದರಲ್ಲಿ ದೊಡ್ಡ ಪಾಲಿದೆ. ಆದರೆ ಇಂಧನವನ್ನು ಒಂದೇ ಸಲ ಉರಿಸಿಬಿಡದೆ ಗ್ಯಾಲಕ್ಸಿ ಇಷ್ಟು ಕಾಲ ಬಾಳಿದೆಯಲ್ಲ, ಅದರಲ್ಲಿ ಆ ಹಗ್ಗವೂ ಸೇರಿದೆ.

ನಕ್ಷತ್ರಗಳಿಗಿಂತ ಬಹಳ ದೊಡ್ಡ ಅಳತೆಯಲ್ಲಿ ಈ ತಡೆಯನ್ನು ಕಣ್ಣಾರೆ ನೋಡಬೇಕಾದರೆ ಪರ್ಸಿಯಸ್ ಗುಚ್ಛಕ್ಕೆ ಹೋಗಬೇಕು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರ ಅದು. ಸುಮಾರು 23 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಆ ಗುಚ್ಛದ ನಡುವೆ ಎನ್‌ಜಿಸಿ 1275 ಎಂಬ ದೈತ್ಯ ಗ್ಯಾಲಕ್ಸಿ ಇದೆ. ಅದರಿಂದ ಕೆಂಪು ಎಳೆಗಳು ಕೆದರಿದ ಕೂದಲಿನಂತೆ ನಾಲ್ಕೂ ದಿಕ್ಕಿಗೆ ಚಾಚಿವೆ. 2008ರಲ್ಲಿ ಆಂಡ್ರ್ಯೂ ಫೇಬಿಯನ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಆ ಎಳೆಗಳನ್ನು ಬಿಡಿಬಿಡಿಯಾಗಿ ನೋಡಿದರು. ಒಂದೊಂದು ಎಳೆಯ ಅಗಲ ಬರೀ 200 ಜ್ಯೋತಿರ್ವರ್ಷ, ಉದ್ದ 20,000 ಜ್ಯೋತಿರ್ವರ್ಷದವರೆಗೆ. ಒಂದೊಂದರಲ್ಲೂ ಹತ್ತು ಲಕ್ಷ ಸೂರ್ಯರಷ್ಟು ಅನಿಲ. ಸುತ್ತಲಿನ ಅನಿಲ ಕೋಟಿಗಟ್ಟಲೆ ಡಿಗ್ರಿಯಲ್ಲಿ ಕುದಿಯುತ್ತಿದೆ. ಎಳೆಗಳು ಮಾತ್ರ ತಣ್ಣಗಿವೆ.

ಇಂಥ ಎಳೆ ಉಳಿಯಬಾರದು. ಬಿಸಿ ಅನಿಲದಲ್ಲಿ ಕರಗಿ ಹೋಗಬೇಕು, ಇಲ್ಲವೇ ತನ್ನ ಭಾರಕ್ಕೆ ತಾನೇ ಕುಸಿದು ನಕ್ಷತ್ರಗಳಾಗಬೇಕು, ಇಲ್ಲವೇ ಗ್ಯಾಲಕ್ಸಿಯ ಗುರುತ್ವದಲ್ಲಿ ಹರಿದುಹೋಗಬೇಕು. ಅವು ಹತ್ತು ಕೋಟಿ ವರ್ಷಕ್ಕೂ ಮೀರಿ ನಿಂತಿವೆ. ಲೆಕ್ಕ ಹಾಕಿದವರಿಗೆ ಕಂಡದ್ದು, ಭೂಮಿಯ ಕ್ಷೇತ್ರದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಕಾಂತಕ್ಷೇತ್ರ ಎಳೆಯ ಉದ್ದಕ್ಕೂ ಇದ್ದರೆ ಸಾಕು, ಎಳೆ ನಿಲ್ಲುತ್ತದೆ. ಹತ್ತು ಲಕ್ಷ ಸೂರ್ಯರ ಭಾರವನ್ನು ಅಷ್ಟು ನವಿರಾದ ದಾರ ಹಿಡಿದುಕೊಂಡಿದೆ.

ಇನ್ನು ಆಕಾರದ ಮಾತು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗಿ ಒಂದಾಗುವುದನ್ನು ಕಂಪ್ಯೂಟರಿನಲ್ಲಿ ಎರಡು ಸಲ ನಡೆಸಿದರು. ಆರಂಭ ಒಂದೇ, ಗುರುತ್ವ ಒಂದೇ. ಒಂದರಲ್ಲಿ ಕಾಂತಕ್ಷೇತ್ರ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಾಂತಕ್ಷೇತ್ರವಿದ್ದ ಕಡೆ ಅಗಲವಾದ ತಟ್ಟೆಯೂ ಸುರುಳಿ ತೋಳುಗಳೂ ಮೂಡಿದವು. ಇಲ್ಲದ ಕಡೆ ಗ್ಯಾಲಕ್ಸಿ ಮುದುಡಿಕೊಂಡು, ದಂಡ ಮತ್ತು ಉಂಗುರದ ರೂಪ ತಾಳಿತು. ತಿರುಗುವ ಅನಿಲದ ಸಂವೇಗ ಒಳಗೆ ಹೊರಗೆ ಹಂಚಿಕೆಯಾಗುವ ರೀತಿಯೇ ಬದಲಾಗಿದ್ದರಿಂದ ಹೀಗಾಯಿತು. ಸಿಮ್ಯುಲೇಶನ್ ಎಂದರೆ ಆಕಾಶವಲ್ಲ, ಒಪ್ಪುತ್ತೇನೆ. ಆದರೆ ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಕಾಂತಕ್ಷೇತ್ರವನ್ನು ಅಡಿಟಿಪ್ಪಣಿಗೆ ತಳ್ಳಲು ನನ್ನಿಂದ ಆಗಲಿಲ್ಲ.

ಈಗ ಹೆಪ್ಪಿನ ವಿಷಯಕ್ಕೆ ಬರುತ್ತೇನೆ.

ಸೈಕಲ್ಲಿನ ಹಿಂದಿನ ಚಕ್ರಕ್ಕೆ ಡೈನಮೋ ತಾಗಿಸಿಕೊಂಡು ಕತ್ತಲಲ್ಲಿ ಊರಿಗೆ ಬಂದವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ. ತುಳಿದಂತೆ ದೀಪ ಉಜ್ವಲ. ಚಲನೆಯ ಶಕ್ತಿ ವಿದ್ಯುತ್ತಾಗುತ್ತದೆ. ಗ್ಯಾಲಕ್ಸಿಯೂ ಒಂದು ಡೈನಮೋ. ಅದರ ಒಳಭಾಗ ಬೇಗ ಸುತ್ತು ಮುಗಿಸುತ್ತದೆ, ಹೊರಭಾಗ ನಿಧಾನ. ಜೊತೆಗೆ ಅನಿಲ ಕುದಿಯುತ್ತಿರುತ್ತದೆ. ಕಾಂತರೇಖೆಗಳು ಎಳೆದು, ಮಡಚಿ, ತಿರುಚಿ ಪುನಃ ಎಳೆಸಿಕೊಂಡು ಬಲಗೊಳ್ಳುತ್ತಾ ಹೋಗುತ್ತವೆ. ಆದರೆ ಸೈಕಲ್ ಡೈನಮೋದ ಹೊಟ್ಟೆಯಲ್ಲಿ ಒಂದು ಕಾಯಂ ಅಯಸ್ಕಾಂತ ಕೂತಿರುತ್ತದೆ. ಗ್ಯಾಲಕ್ಸಿಯ ಹೊಟ್ಟೆಯಲ್ಲಿ ಅಂಥದ್ದಿಲ್ಲ. ಡೈನಮೋ ಇದ್ದ ಕ್ಷೇತ್ರವನ್ನು ಬೆಳೆಸಬಲ್ಲದು, ಸೊನ್ನೆಯನ್ನು ಬೆಳೆಸಲಾರದು. ಹಾಲಿನ ಪಾತ್ರೆ ಎಷ್ಟೇ ದೊಡ್ಡದಿರಲಿ, ಒಂದು ಚಮಚ ಹೆಪ್ಪು ಬೇಕೇ ಬೇಕು.

ಚಿಕ್ಕಂದಿನಲ್ಲಿ ಮನೆಯಲ್ಲಿ ಮೊಸರು ಮುಗಿದುಹೋದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುವ ಕೆಲಸ ನನ್ನದಾಗಿತ್ತು. ಅವರ ಮನೆಯಲ್ಲೂ ಇಲ್ಲದಿದ್ದರೆ, ಅದರಾಚೆಯ ಮನೆ. ಊರಿನಲ್ಲಿ ಯಾರ ಮನೆಯಲ್ಲೂ ಇಲ್ಲದಿದ್ದರೆ ಏನು ಮಾಡುವುದು ಎಂದು ಅಜ್ಜಿಯನ್ನು ಕೇಳಿದ್ದೆ. "ಮೆಣಸಿನಕಾಯಿ ತೊಟ್ಟು ಹಾಕಿದರೂ ಹೆಪ್ಪಾಗುತ್ತದೆ, ಸ್ವಲ್ಪ ತಡ, ಅಷ್ಟೇ" ಅಂದಿದ್ದಳು.

ವಿಶ್ವದ ಮೊದಲ ಕಾಂತಕ್ಷೇತ್ರದ ಬಗ್ಗೆ ಇವತ್ತು ಇರುವ ಎರಡು ವಾದಗಳೂ ಹೆಚ್ಚು ಕಡಿಮೆ ಇವೇ. ಒಂದು, ಮೆಣಸಿನಕಾಯಿ ತೊಟ್ಟಿನ ದಾರಿ. 1950ರಲ್ಲಿ ಜರ್ಮನಿಯ ಲುಡ್ವಿಗ್ ಬೀರ್ಮನ್ ತೋರಿಸಿದಂತೆ, ಅನಿಲದ ಸಾಂದ್ರತೆ ಒಂದು ದಿಕ್ಕಿಗೂ ತಾಪ ಇನ್ನೊಂದು ದಿಕ್ಕಿಗೂ ಏರುತ್ತಿದ್ದರೆ, ಹಗುರವಾದ ಎಲೆಕ್ಟ್ರಾನುಗಳು ಭಾರದ ಪ್ರೋಟಾನುಗಳಿಂದ ಚೂರು ಬೇರೆಯಾಗಿ ಸರಿದು, ಏನೂ ಇಲ್ಲದ ಕಡೆಯೂ ಪುಟ್ಟ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಪ್ರವಾಹ ಹುಟ್ಟಿದರೆ ಕಾಂತಕ್ಷೇತ್ರ ಹುಟ್ಟಿತೆಂದೇ ಅರ್ಥ. ಆದರೆ ಅದು ನಂಬಲಾಗದಷ್ಟು ಕ್ಷೀಣ, ಡೈನಮೋ ಅದನ್ನು ಸುತ್ತು ಸುತ್ತಿಗೂ ಬೆಳೆಸುತ್ತಾ ಹೋಗಬೇಕು. ಸೂರ್ಯ ಕ್ಷೀರಪಥವನ್ನು ಒಂದು ಸುತ್ತು ಹಾಕಲು 22 ಕೋಟಿ ವರ್ಷಕ್ಕೂ ಹೆಚ್ಚು ಬೇಕು. ವಿಶ್ವದ ಇಡೀ ಆಯುಸ್ಸಿನಲ್ಲಿ ಇಂಥ ಸುತ್ತುಗಳು ಐವತ್ತು, ಅರವತ್ತು. 2023ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ, ವಿಶ್ವಕ್ಕೆ ಬರೀ 250 ಕೋಟಿ ವರ್ಷವಾಗಿದ್ದಾಗಿನ ಗ್ಯಾಲಕ್ಸಿಯೊಂದರಲ್ಲಿ ಆಗಲೇ ಸಾವಿರಾರು ಜ್ಯೋತಿರ್ವರ್ಷಗಳುದ್ದಕ್ಕೂ ಒಪ್ಪವಾಗಿ ಜೋಡಿಸಿದಂಥ ಕ್ಷೇತ್ರವನ್ನು ಕಂಡಿತು. ಅಷ್ಟರಲ್ಲಿ ಎಷ್ಟು ಸುತ್ತು ಆಗಿದ್ದೀತು? ನಿಧಾನದ ಸುತ್ತಾಟಕ್ಕಿಂತ ಬೇಗ ಬೆಳೆಸುವ ಪ್ರಕ್ಷುಬ್ಧತೆಯ ಡೈನಮೋ ಅಲ್ಲಿ ನೆರವಾಗಿರಬೇಕು.

ಇನ್ನೊಂದು ವಾದ, ಹೆಪ್ಪು ಹುಟ್ಟಿನಿಂದಲೇ ಬಂದದ್ದು ಎಂಬುದು. ಮಹಾಸ್ಫೋಟದ ಮೊದಮೊದಲ ಕ್ಷಣಗಳಲ್ಲೇ ಕಾಂತಕ್ಷೇತ್ರ ಹುಟ್ಟಿ ಎಲ್ಲೆಡೆ ಹರಡಿದ್ದರೆ? ಆಗ ಅದು ಗ್ಯಾಲಕ್ಸಿಗಳಿಗಿಂತ ಹಿರಿಯದು, ಅವುಗಳ ಹುಟ್ಟಿನಲ್ಲೇ ಅದರ ಕೈ ಇರುತ್ತದೆ. 1978ರಲ್ಲಿ ಐರಾ ವಾಸರ್‌ಮನ್ ಈ ಲೆಕ್ಕ ಮಾಡಿದರು. ಕಾಂತಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಅನಿಲವನ್ನು ಕೆಲವೆಡೆ ತಳ್ಳುತ್ತದೆ, ಕೆಲವೆಡೆ ಕೂಡಿಸುತ್ತದೆ. ಒಂದು ನ್ಯಾನೋಗಾಸಿನಷ್ಟಿದ್ದರೂ (ಮೈಕ್ರೋಗಾಸಿನ ಸಾವಿರದಲ್ಲೊಂದು ಪಾಲು), ಗುರುತ್ವ ಬೆಳೆಸಬೇಕಾದ ಏರುಪೇರುಗಳನ್ನು ಅದೇ ಬಿತ್ತಬಲ್ಲದು. ಸಣ್ಣ ಗ್ಯಾಲಕ್ಸಿಗಳು ಬೇಗ ಹುಟ್ಟುತ್ತವೆ. ತೀರಾ ಸಣ್ಣ ಅಳತೆಗೆ ಇಳಿದರೆ ಕಾಂತಕ್ಷೇತ್ರದ ಒತ್ತಡವೇ ಮೇಲಾಗಿ, ಕುಸಿತ ನಿಲ್ಲುತ್ತದೆ. ಒಂದೇ ಕ್ಷೇತ್ರ ಒಂದು ಅಳತೆಯಲ್ಲಿ ಸೂಲಗಿತ್ತಿ, ಇನ್ನೊಂದರಲ್ಲಿ ಅಡ್ಡಗಟ್ಟೆ.

ಈ ಜಾಗದಲ್ಲಿ ನಮ್ಮ ಬೆಂಗಳೂರು ಬರುತ್ತದೆ. 2005ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ ಮತ್ತು ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕಂದಸ್ವಾಮಿ ಸುಬ್ರಮಣಿಯನ್, ಮೊದಲ ನಕ್ಷತ್ರಗಳು ಹೊತ್ತಿಕೊಳ್ಳುವ ಮುಂಚಿನ ಕತ್ತಲ ಯುಗದ ಅನಿಲದಲ್ಲಿ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದರು. 3.8 ಲಕ್ಷ ವರ್ಷಗಳ ನಂತರ ಅನಿಲ ಬಹುತೇಕ ಆವೇಶರಹಿತವಾಯಿತು. ಹತ್ತು ಸಾವಿರ ಪರಮಾಣುಗಳಲ್ಲಿ ಒಂದೆರಡು ಮಾತ್ರ ಅಯಾನುಗಳಾಗಿ ಉಳಿದವು. ಅಂದರೆ ಇಡೀ ವಿಶ್ವವೇ ಆ ಜಾತ್ರೆ! ಕೆಲವೇ ಸ್ವಯಂಸೇವಕರು, ಹಗ್ಗ, ಉಜ್ಜಾಟ, ಅದರಿಂದ ಬಿಸಿ. ಬಿಸಿಯಾದ ಅನಿಲ ಸುಲಭಕ್ಕೆ ಕುಸಿಯದು, ಅದಕ್ಕೆ ಇನ್ನೂ ದೊಡ್ಡ ಗುಡ್ಡೆ ಬೇಕು. ಹೀಗೆ ಮೊದಲ ನಕ್ಷತ್ರಗಳು ಎಂದು, ಎಲ್ಲಿ ಹೊತ್ತಿಕೊಂಡವು ಎಂಬ ಲೆಕ್ಕವೇ ಬದಲಾಗುತ್ತದೆ. ಮೇಖ್ರಿ ವೃತ್ತದ ಬಳಿಯ ಆ ಹಸಿರು ಆವರಣದಲ್ಲಿ ಕೂತು ವಿಶ್ವದ ಮೊದಲ ಬೆಳಕನ್ನು ಲೆಕ್ಕ ಹಾಕಿದರು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ.

ಇದಕ್ಕೆ ಮೇಲ್ಮಿತಿಯೂ ಇದೆ. ಪ್ಲಾಂಕ್ ಉಪಗ್ರಹ ಅಳೆದ ವಿಶ್ವದ ಹಿನ್ನೆಲೆ ವಿಕಿರಣದ (ಆದಿಯ ಬಿಸಿ ಅನಿಲದಿಂದ ಹೊರಟು ಇವತ್ತಿಗೂ ಎಲ್ಲೆಡೆ ಉಳಿದಿರುವ ಬೆಳಕು) ಪ್ರಕಾರ ಹುಟ್ಟಿನ ಕ್ಷೇತ್ರ ಕೆಲವು ನ್ಯಾನೋಗಾಸ್ ಮೀರುವಂತಿಲ್ಲ. ಅದಕ್ಕಿಂತ ಕಡಿಮೆ ಇದ್ದರೂ ಪರಿಣಾಮ ಸಣ್ಣದಲ್ಲ. ವಿಶ್ವ ಹಿಗ್ಗುವ ವೇಗವನ್ನು ಹಿನ್ನೆಲೆ ವಿಕಿರಣದಿಂದ ಲೆಕ್ಕ ಹಾಕಿದರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 67 ಕಿಲೋಮೀಟರ್, ಹತ್ತಿರದ ಸೂಪರ್‌ನೋವಾಗಳಿಂದ, ಅಂದರೆ ನಕ್ಷತ್ರಸ್ಫೋಟಗಳಿಂದ, ಅಳೆದರೆ 73 ಬರುವ ತಕರಾರನ್ನು ನೀವು ಕೇಳಿರಬಹುದು. 2020ರಲ್ಲಿ ಜೆಡಾಮ್‌ಜಿಕ್ ಮತ್ತು ಪೊಗೋಸಿಯನ್ ಒಂದು ಸಾಧ್ಯತೆಯನ್ನು ಮುಂದಿಟ್ಟರು: ನ್ಯಾನೋಗಾಸಿನ ಹತ್ತರಲ್ಲೊಂದು ಪಾಲಿನ ಆಸುಪಾಸಿನ ಕ್ಷೇತ್ರ ಆದಿಯ ಅನಿಲವನ್ನು ಗಂಟುಗಂಟಾಗಿಸಿದ್ದರೆ ಎಲೆಕ್ಟ್ರಾನು, ಪ್ರೋಟಾನುಗಳು ಸ್ವಲ್ಪ ಬೇಗ ಕೂಡಿ ಪರಮಾಣುಗಳಾಗುತ್ತಿದ್ದವು, ಆಗ ಎರಡು ಅಂಕಿಗಳ ನಡುವಿನ ಅಂತರ ತಗ್ಗುತ್ತದೆ. ತಕರಾರು ಇದರಿಂದ ಪೂರ್ತಿ ತೀರಿಲ್ಲ, ಚರ್ಚೆ ನಡೆದೇ ಇದೆ.

ಹಾಗಾದರೆ ಎರಡರಲ್ಲಿ ಯಾವುದು ಸರಿ ಎಂದು ಗ್ಯಾಲಕ್ಸಿಗಳನ್ನೇ ಕೇಳಬಹುದಲ್ಲ? ಆಗುವುದಿಲ್ಲ. ಇಲ್ಲಸ್ಟ್ರಿಸ್ ಟಿಎನ್‌ಜಿಯಂಥ ದೊಡ್ಡ ಸಿಮ್ಯುಲೇಶನ್‌ಗಳಲ್ಲಿ ಆರಂಭಕ್ಕೆ ತೀರಾ ಕ್ಷೀಣವಾದ ಒಂದು ಕ್ಷೇತ್ರವನ್ನು ಇಟ್ಟು ಬಿಡುತ್ತಾರೆ. ಅದರ ಬಲವನ್ನು ಬದಲಿಸಿದರೂ ಗ್ಯಾಲಕ್ಸಿಗಳೊಳಗೆ ಕೊನೆಗೆ ಸಿಗುವುದು ಬಹುತೇಕ ಅದೇ ಮೈಕ್ರೋಗಾಸ್. ಡೈನಮೋ ತುಂಬಿ ನಿಂತ ಮೇಲೆ ಆರಂಭದ ಗುರುತು ಉಳಿಯುವುದಿಲ್ಲ. ಗಟ್ಟಿ ಮೊಸರನ್ನು ನೋಡಿ ಹೆಪ್ಪು ಯಾರ ಮನೆಯದು ಎಂದು ಹೇಳಲಾದೀತೇ?

ಹಾಲು ಹಾಲಾಗಿಯೇ ಉಳಿದ ಜಾಗಕ್ಕೆ ಹೋಗಬೇಕು. ವಿಶ್ವದಲ್ಲಿ ಅಂಥ ಜಾಗ ತಂತುಗಳ ನಡುವಿನ ಬಯಲುಗಳು. ಅಲ್ಲಿ ಗ್ಯಾಲಕ್ಸಿಗಳು ವಿರಳ, ಕಡೆಯುವವರು ಯಾರೂ ಇಲ್ಲ. 2010ರಲ್ಲಿ ನೆರೋನೋವ್ ಮತ್ತು ವೋವ್ಕ್ ಫರ್ಮಿ ಉಪಗ್ರಹದ ಮಾಹಿತಿಯಿಂದ ಒಂದು ಜಾಣ ವಾದ ಹೂಡಿದರು. ದೂರದ ಬ್ಲೇಜಾರುಗಳಿಂದ, ಅಂದರೆ ನೇರ ನಮ್ಮತ್ತ ಕಿರಣ ಚಿಮ್ಮುವ ಗ್ಯಾಲಕ್ಸಿಗಳ ನಡುವಿನಿಂದ, ಬರುವ ಅತಿ ಪ್ರಬಲ ಗಾಮಾ ಕಿರಣಗಳು ದಾರಿಯಲ್ಲಿ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗಿ ಒಡೆಯುತ್ತವೆ, ಆ ಜೋಡಿಗಳು ಕಡಿಮೆ ಶಕ್ತಿಯ ಗಾಮಾ ಕಿರಣಗಳನ್ನು ನಮ್ಮ ಕಡೆಗೆ ಕಳಿಸಬೇಕು. ಆ ಎರಡನೆಯ ಕಂತು ಬಂದಿಲ್ಲ. ಜೋಡಿಗಳನ್ನು ಯಾವುದೋ ಕಾಂತಕ್ಷೇತ್ರ ದಾರಿ ತಪ್ಪಿಸಿದೆ ಎಂದರೆ ಲೆಕ್ಕ ಹೊಂದುತ್ತದೆ. ಅದಕ್ಕೆ ಬೇಕಾದ ಕ್ಷೇತ್ರ ಭೂಮಿಯದರ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟಿದ್ದರೂ ಸಾಕು. ಜೋಡಿಗಳು ತೆಳು ಅನಿಲಕ್ಕೇ ತಮ್ಮ ಶಕ್ತಿ ಕಳೆದುಕೊಂಡಿರಬಹುದು, ಕಾಂತಕ್ಷೇತ್ರ ಬೇಕೇ ಇಲ್ಲ ಎನ್ನುವವರೂ ಇದ್ದಾರೆ. ನನಗೆ ಮೊದಲ ವಾದವೇ ಹೆಚ್ಚು ಒಪ್ಪಿಗೆಯಾಗುತ್ತದೆ, ಆದರೆ ಬಾಗಿಲು ಮುಚ್ಚಿಲ್ಲ.

ಬಯಲಿನ ಅಂಚಿನವರೆಗೆ ನಾವು ಬಂದಿದ್ದೇವೆ. 2019ರಲ್ಲಿ ಯುರೋಪಿನ ಲೋಫಾರ್ ರೇಡಿಯೋ ದೂರದರ್ಶಕ, ಏಬೆಲ್ 399 ಮತ್ತು ಏಬೆಲ್ 401 ಎಂಬ ಎರಡು ಗುಚ್ಛಗಳ ನಡುವೆ ಒಂದು ಕೋಟಿ ಜ್ಯೋತಿರ್ವರ್ಷ ಉದ್ದದ ರೇಡಿಯೋ ಸೇತುವೆಯನ್ನು ಕಂಡಿತು. ಗುಚ್ಛಗಳ ಹೊರಗೆ, ತಂತುವಿನಲ್ಲಿಯೂ ಕಾಂತಕ್ಷೇತ್ರವಿದೆ ಎಂಬುದಕ್ಕೆ ಅದು ಸಾಕ್ಷಿ.

"ಮುಂದೇನು, ನಾವು ಏನನ್ನು ಕಾಯಬೇಕು?" ಎಂದು ಕೊನೆಯಲ್ಲಿ ಒಬ್ಬ ಹುಡುಗ ಕೇಳಿದ. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ ಎಸ್‌ಕೆಎ ಎಂಬ ಬೃಹತ್ ರೇಡಿಯೋ ದೂರದರ್ಶಕ ಕಟ್ಟುತ್ತಿದ್ದಾರೆ. ಭಾರತ ಸರ್ಕಾರ ಅದರಲ್ಲಿ ಪಾಲುಗೊಳ್ಳಲು 1,250 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿರುವುದು 2024ರ ಜನವರಿಯಲ್ಲಿ ಹೊರಬಿತ್ತು. ಫ್ಯಾರಡೆ ತಿರುವನ್ನು ಅಳೆದಿರುವ ರೇಡಿಯೋ ಮೂಲಗಳು ಇವತ್ತು ಹತ್ತಾರು ಸಾವಿರ. ಎಸ್‌ಕೆಎ ಅದನ್ನು ಲಕ್ಷಗಳಿಗೆ ಏರಿಸಲಿದೆ. ಪ್ರತಿಯೊಂದರಿಂದಲೂ ಮೊದಲು ನಮ್ಮ ಕ್ಷೀರಪಥದ ಪಾಲನ್ನು ಕಳೆಯಬೇಕು, ಆಮೇಲೆ ಆ ಮೂಲದ್ದೇ ಪಾಲನ್ನು. ಉಳಿದ ಚೂರು ತಿರುವನ್ನು, ದಾರಿಯಲ್ಲಿ ಎಷ್ಟು ತಂತುಗಳು ಸಿಕ್ಕವು ಎಂಬುದರ ಜೊತೆ ಇಟ್ಟು ನೋಡಬೇಕು. ಗ್ಯಾಲಕ್ಸಿಗಳಿಂದ ದೂರ ಸರಿದರೂ ತಂತುಗಳಲ್ಲಿ ತಿರುವು ಒಂದೇ ಸಮ ಉಳಿದಿದ್ದರೆ ಹೆಪ್ಪು ಹುಟ್ಟಿನಿಂದ ಬಂದದ್ದೆನ್ನುವ ವಾದ ಗಟ್ಟಿಯಾಗುತ್ತದೆ. ಗ್ಯಾಲಕ್ಸಿಗಳ ಸುತ್ತಮುತ್ತ ಮಾತ್ರ ಕಂಡು ಆಚೆಗೆ ಮಾಯವಾದರೆ, ಅಜ್ಜಿಯ ಮೆಣಸಿನಕಾಯಿ ತೊಟ್ಟಿನ ಕಡೆಗೇ ನಾವು ಹಿಂದಿರುಗಬೇಕು.